ಹಣ ಕಟ್ಟುವ ಮೊದಲು ಕೇಳಲು ನಮಗೊಂದು ಜಾಗ ಕೊಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕ್ಷೇತ್ರಗಳ ಶಾಸಕರಿಗೆ ಹಾಗೂ ವಿಜಯಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಇಂಡಿ ತಾಲೂಕಿನ ಲಿಂಬೆ ಬೆಳೆಗಾರ. ನಾಲ್ಕು ಎಕರೆ ತೋಟವಿತ್ತು, ಈಗ ಎರಡೂವರೆ ಉಳಿದಿದೆ. ಮಾರಿದ ಒಂದೂವರೆ ಎಕರೆ ಮಗನ ವಿಮಾನ ಕಲಿಕೆಗೆ ಹೋಯಿತು. ಮಕ್ಕಳ ಓದಿಗೆ ಹೊಲ ಮಾರಿದವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ, ಆ ದುಃಖವನ್ನು ನಾನು ನುಂಗಿಕೊಂಡಿದ್ದೇನೆ. ನುಂಗಲಾಗದ್ದು ಒಂದೇ. ಹಣ ಕಟ್ಟುವ ಮೊದಲು ಯಾರನ್ನಾದರೂ ಕೇಳೋಣವೆಂದು ತಿರುಗಾಡಿದೆ. ಇಡೀ ಜಿಲ್ಲೆಯಲ್ಲಿ ನನಗೆ ಉತ್ತರ ಕೊಡುವ ಒಂದು ಕಚೇರಿ ಸಿಗಲಿಲ್ಲ.

ಏಜೆಂಟರು ಮಾತ್ರ ಸಿಕ್ಕರು, ಅದೂ ಮನೆ ಬಾಗಿಲಿಗೆ ಬಂದು. ಕಲ್ಯಾಣ ಮಂಟಪವೊಂದರಲ್ಲಿ ಸಭೆ ಮಾಡಿದರು. ಬಿಳಿ ಅಂಗಿ ತೊಟ್ಟು, ಹೆಗಲಿಗೆ ಚಿನ್ನದ ಬಣ್ಣದ ಪಟ್ಟಿ ಹಾಕಿಕೊಂಡ ಹುಡುಗರ ಚಿತ್ರ ತೋರಿಸಿದರು. ಅಮೆರಿಕದಲ್ಲಿ ಖಾಸಗಿ ಪೈಲಟ್ ಪರವಾನಗಿ, 40 ಗಂಟೆ ಹಾರಾಟ, 14 ಲಕ್ಷ ರೂಪಾಯಿ, ಮುಂದಿನದು ತಾನೇ ಆಗುತ್ತದೆ ಎಂದರು. ಮಗ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಚೆನ್ನಾಗಿ ಓದಿದ್ದ. ವಿಜಯಪುರದ ಸೈನಿಕ ಶಾಲೆ ಶುರುವಾದದ್ದು 1963ರಲ್ಲಿ. ಅಲ್ಲಿಂದ ಸೇನೆಗೆ ಹೋದವರನ್ನು ನೋಡುತ್ತಲೇ ಬೆಳೆದ ಜಿಲ್ಲೆ ನಮ್ಮದು. ಆಕಾಶದ ಆಸೆ ನಮ್ಮ ಮಕ್ಕಳಿಗೆ ಹೊಸದಲ್ಲ. ಪೂರ್ತಿ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಿದೆ. ಅದೇ ನನ್ನ ಮೊದಲ ತಪ್ಪು.

40 ಗಂಟೆ ಎನ್ನುವುದು ಅಲ್ಲಿನ ಸಾಮಾನ್ಯ ನಿಯಮ ಹೇಳುವ ಕನಿಷ್ಠ. ಅಷ್ಟರಲ್ಲೇ ಪರೀಕ್ಷೆಗೆ ಸಿದ್ಧರಾಗುವವರು ವಿರಳ. ಹೆಚ್ಚಿನವರಿಗೆ 60-70 ಗಂಟೆ ಹಿಡಿಯುತ್ತದೆ. ಇಂಧನ ಸೇರಿದ ಬಾಡಿಗೆಯೇ ಬೇರೆ, ಇಂಧನ ಬಿಟ್ಟ ಬಾಡಿಗೆಯೇ ಬೇರೆ ಎಂಬುದು ಮೊದಲ ಬಿಲ್ ಬಂದಾಗ ತಿಳಿಯಿತು. ವಿಮಾನದೊಳಗೆ ಒಂದು ಚಿಕ್ಕ ಮೀಟರ್ ಇರುತ್ತದೆ. ಎಂಜಿನ್ ಚಾಲೂ ಆದ ಕೂಡಲೇ ಅದು ಓಡಲು ಶುರು, ಆರು ನಿಮಿಷಕ್ಕೊಂದು ಅಂಕಿ ಬೀಳುತ್ತದೆ. ಗದ್ದಲದ ನಿಲ್ದಾಣದಲ್ಲಿ ಮುಂದೆ ನಾಲ್ಕು ವಿಮಾನ ನಿಂತಿದ್ದರೆ ನಮ್ಮ ಹುಡುಗ ನೆಲದ ಮೇಲೆ ಕೂತೇ ದುಡ್ಡು ಕಳೆಯುತ್ತಾನೆ. ಶಾಲೆ ಆರಿಸುವಾಗ ನಿಲ್ದಾಣದಲ್ಲಿ ದಟ್ಟಣೆ ಎಷ್ಟು, ವಿಮಾನಗಳು ಎಷ್ಟು, ಬೋಧಕರು ಎಷ್ಟು ದಿನ ನಿಲ್ಲುತ್ತಾರೆ ಎಂದು ಕೇಳಬೇಕಿತ್ತು. ನಾನು ಕೇಳಿದ್ದು ಊಟ, ವಸತಿ ಹೇಗೆ ಎಂದು.

ಆ ಶಾಲೆಯಲ್ಲಿದ್ದದ್ದು ಎರಡೇ ವಿಮಾನ. ಒಂದು ರಿಪೇರಿಗೆ ಹೋಗಿ ವಾರಗಟ್ಟಲೆ ಬರಲಿಲ್ಲ. ಬೋಧಕರು ಇಬ್ಬರು ಬದಲಾದರು. ಅಲ್ಲಿ ಬೋಧಕರಾಗುವ ಬಹುಮಂದಿ ತಾವೂ ಗಂಟೆ ಕೂಡಿಸಿಕೊಂಡು ಏರ್‌ಲೈನ್ಸ್ ಸೇರಲು ಕಾಯುವ ಹುಡುಗರೇ. ವೃತ್ತಿ ತರಬೇತಿಯ ವೀಸಾದಲ್ಲಿ ಹೋದ ವಿದ್ಯಾರ್ಥಿ ಓದುವಾಗ ದುಡಿಯುವಂತಿಲ್ಲ, ಹಾಗಾಗಿ ಕಾದ ಪ್ರತಿ ದಿನದ ಖರ್ಚೂ ಈ ತೋಟದ್ದೇ. 46 ಗಂಟೆ ಹಾರಿ, ಪರೀಕ್ಷೆಗೆ ಕೂರದೆ, ಪರವಾನಗಿ ಇಲ್ಲದೆ ಮಗ ಮರಳಿ ಬಂದ.

ಹಾರಿದ ಗಂಟೆ ಬರೆದಿಡುವ ಅವನ ಲಾಗ್‌ಬುಕ್ ಈಗ ಪಡಸಾಲೆಯ ಗೂಡಿನಲ್ಲಿದೆ. ಕಪ್ಪು ರಟ್ಟಿನ ಪುಸ್ತಕ. ಕೊನೆಯ ಪುಟದ ಮೂರು ಸಾಲಿನಲ್ಲಿ 1.2, 0.9, 1.4 ಎಂದು ಅವನದೇ ಗುಂಡು ಅಕ್ಷರ. ಬೋಧಕ ರುಜು ಹಾಕುವ ಮನೆ ಮೂರೂ ಖಾಲಿ. ಕಲಿಸಿದವನ ರುಜು ಇಲ್ಲದ ತರಬೇತಿ ಗಂಟೆ ಲೆಕ್ಕಕ್ಕೆ ಬರುವುದಿಲ್ಲ. ಮೂರೂವರೆ ಗಂಟೆ ಅವನು ಹಾರಿದ್ದು ನಿಜ, ಆದರೆ ಕಾಗದದಲ್ಲಿ ಹಾರಿಯೇ ಇಲ್ಲ.

ಈಗ ನಿಮ್ಮ ಮುಂದಿಡುವ ಮಾತಿಗೆ ಬರುತ್ತೇನೆ. ಹೊರದೇಶಕ್ಕೆ ಕೂಲಿಗೆ ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ಕೇಂದ್ರದ ನೋಂದಣಿ ಬೇಕು. ಓದಲು ಕಳಿಸುವವನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ದುಡಿಯಲು ಹೋಗುವವನು ದುಡ್ಡು ತರುತ್ತಾನೆ, ಕಲಿಯಲು ಹೋಗುವವನು ಮನೆಯ ದುಡ್ಡನ್ನೇ ಒಯ್ಯುತ್ತಾನೆ. ರಕ್ಷಣೆ ಯಾರಿಗೆ ಹೆಚ್ಚು ಬೇಕು? ಪಂಜಾಬಿನವರು ಮೋಸ ಹೋಗಿ ಹೋಗಿ 2012ರಲ್ಲಿ ತಮ್ಮದೇ ಕಾಯ್ದೆ ಮಾಡಿಕೊಂಡು, ಇಂಥ ಸಲಹಾ ಕೇಂದ್ರಗಳಿಗೂ ಪರವಾನಗಿ ಕಡ್ಡಾಯ ಮಾಡಿದರು. ನಮ್ಮ ವಿಧಾನಸಭೆಯಲ್ಲಿ ಆ ಮಾತು ಎತ್ತಬೇಕಾದವರು ನೀವು ನಾಲ್ವರು.

ಇಲ್ಲೇ ಕಲಿಯಬಾರದಿತ್ತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ಹಾರಾಟ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಎರಡು ನಮ್ಮ ರಾಜ್ಯದವು: ಕಲಬುರಗಿ ಮತ್ತು ಬೆಳಗಾವಿ. ವಿಜಯಪುರದಿಂದ ಕಲಬುರಗಿಗೆ ಹೋಗುವ ಬಸ್ಸು ಸಿಂದಗಿ ಮೇಲೆಯೇ ಹೋಗುತ್ತದೆ. ಇದನ್ನು ನಮಗೆ ಹೇಳಿದವರು ಯಾರೂ ಇಲ್ಲ. ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. 2025ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ದೇಶದ 35 ಹಾರಾಟ ಶಾಲೆಗಳಿಗೆ ಮೊದಲ ಸಲ ದರ್ಜೆ ಕೊಟ್ಟಾಗ ಒಂದು ಶಾಲೆಯೂ ಮೇಲಿನ ಎರಡು ದರ್ಜೆ ಮುಟ್ಟಲಿಲ್ಲ. ಜನ ಹೊರಗೆ ನೋಡುವುದು ಸುಮ್ಮನೆ ಅಲ್ಲ. ಆದರೂ ಇಲ್ಲಿನ ಶಾಲೆಗೆ ಒಂದು ದರ್ಜೆ ಎಂಬುದಾದರೂ ಇದೆ. ಹೊರಗಿನ ಶಾಲೆಯ ಬಗ್ಗೆ ನಮ್ಮ ಕೈಗೆ ಸಿಗುವುದು ಅದರದೇ ಜಾಹೀರಾತು.

ಸರಕಾರ ಮನಸ್ಸು ಮಾಡಿದರೆ ಮಾಹಿತಿಗೆ ಬರವಿಲ್ಲ. ವಿದೇಶದ ಪೈಲಟ್ ಪರವಾನಗಿಯನ್ನು ಭಾರತದ್ದಕ್ಕೆ ಬದಲಿಸಿಕೊಳ್ಳಲು ಡಿಜಿಸಿಎಗೆ ಅರ್ಜಿ ಹಾಕಬೇಕು, ಇಲ್ಲಿನ ಪರೀಕ್ಷೆ ಪಾಸಾಗಬೇಕು. ಯಾವ ದೇಶದ ಯಾವ ಶಾಲೆಯಲ್ಲಿ ಕಲಿತವರು ಎಷ್ಟು ಮಂದಿ ಬಂದರು, ಎಷ್ಟು ಮಂದಿ ದಾಟಿದರು ಎಂದು ವರ್ಷಕ್ಕೊಮ್ಮೆ ಪ್ರಕಟಿಸಲಿ. ನಿಮ್ಮ ಶಿಫಾರಸು ಪತ್ರ ದೆಹಲಿಗೆ ಹೋದರೆ ಅದಕ್ಕೆ ತೂಕ ಬರುತ್ತದೆ. ಜಿಲ್ಲಾಧಿಕಾರಿಗಳು ಇನ್ನೊಂದು ಮಾಡಬಹುದು, ಅದಕ್ಕೆ ಕಾಯ್ದೆಯೂ ಬೇಡ. ಪಿಯುಸಿ ಫಲಿತಾಂಶ ಬರುವ ತಿಂಗಳಿನಲ್ಲಿ ನಾಲ್ಕೂ ತಾಲೂಕು ಕೇಂದ್ರಗಳಲ್ಲಿ ಒಂದೊಂದು ದಿನ, ಕನ್ನಡದಲ್ಲಿ ಉತ್ತರಿಸುವ ಒಬ್ಬ ಅನುಭವಿ ಪೈಲಟ್, ಒಬ್ಬ ಬ್ಯಾಂಕ್ ಅಧಿಕಾರಿಯನ್ನು ಕೂರಿಸಿ. ಜಕ್ಕೂರಿನ ಸರಕಾರಿ ಹಾರಾಟ ಶಾಲೆ ರಾಜ್ಯದ ಯುವ ಸಬಲೀಕರಣ ಇಲಾಖೆಯದೇ. ಅಲ್ಲಿಂದ ಒಬ್ಬರನ್ನು ಕರೆಸುವುದು ಕಷ್ಟವಲ್ಲ. ಕೊನೆಯದಾಗಿ ಇನ್ನೊಂದು ಕೋರಿಕೆ. ವಿಜಯಪುರದ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಮೊದಲು ಚಿಕ್ಕ ಎಟಿಆರ್ ವಿಮಾನಕ್ಕೆಂದು ಯೋಜಿಸಿದ ರನ್‌ವೇಯನ್ನು ದೊಡ್ಡ ಏರ್‌ಬಸ್‌ಗೂ ಸಾಲುವಂತೆ ಹಿಗ್ಗಿಸಿದ್ದಾರೆ. ಆ ನಿಲ್ದಾಣದ ಯೋಜನೆಯಲ್ಲಿ ನಮ್ಮ ಮಕ್ಕಳು ಕಲಿಯುವ ಶಾಲೆಗೂ ಜಾಗ ಇಡಿ.

ನಾಲ್ಕೂ ತಾಲೂಕಿನ ತಂದೆ-ತಾಯಂದಿರಿಗೆ ನನ್ನದೊಂದು ಮಾತು. ಮೊದಲು ಮಗುವಿನ ವೈದ್ಯಕೀಯ ತಪಾಸಣೆ ಮಾಡಿಸಿ, ಕಣ್ಣಿನದೊಂದು ದೋಷಕ್ಕೆ ಎಲ್ಲವೂ ನಿಲ್ಲಬಹುದು. ಪೂರ್ತಿ ಹಣ ಒಮ್ಮೆಲೇ ಕೊಡಬೇಡಿ, ಹಾರಿದಷ್ಟಕ್ಕೆ ಕೊಡುತ್ತೇವೆ ಎನ್ನಿ. ಒಪ್ಪದವರ ಹತ್ತಿರ ಎರಡನೇ ಸಲ ಹೋಗಬೇಡಿ. ಅದೇ ಶಾಲೆಯಲ್ಲಿ ಕಲಿತು ಬಂದ ಒಬ್ಬರ ಜೊತೆಯಾದರೂ, ಏಜೆಂಟ್ ಪಕ್ಕದಲ್ಲಿ ಇಲ್ಲದಾಗ ಮಾತಾಡಿ. ನನ್ನ ಮಗನ ಲಾಗ್‌ಬುಕ್ ನೋಡಬೇಕೆನ್ನುವವರು ಮನೆಗೆ ಬನ್ನಿ, ತೋರಿಸುತ್ತೇನೆ.

ಇಂತಿ,
ಇಂಡಿ ತಾಲೂಕಿನ ಒಬ್ಬ ರೈತ