20 ಅಂಶಗಳ ಪಟ್ಟಿಯಲ್ಲಿ 21ನೆಯದನ್ನು ಕೇಳಿದರೆ ಏನಾಗುತ್ತದೆ?

2024ರ ಜುಲೈ 19ರಂದು ಜಗತ್ತಿನ ಹಲವೆಡೆ ವಿಂಡೋಸ್ ಕಂಪ್ಯೂಟರ್‌ಗಳ ಪರದೆ ನೀಲಿಯಾಗಿ ನಿಂತುಬಿಟ್ಟಿತು. ಆಸ್ಪತ್ರೆ, ಬ್ಯಾಂಕ್ ಸೇವೆಗಳಿಗೆ ಅಡಚಣೆಯಾಯಿತು. ಭಾರತದಲ್ಲಿ ವಿಮಾನ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಇದು ಸೈಬರ್ ದಾಳಿ ಎಂಬ ಮಾತು ಬೇಗನೆ ಹರಡಿತು. ನಿಜವಾಗಿ ನಡೆದದ್ದೇನು?

ಸಮಸ್ಯೆ ಎಲ್ಲಿತ್ತು?

ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಅಂದು ತನ್ನ ತಂತ್ರಾಂಶಕ್ಕೆ ಒಂದು ಅಪ್‌ಡೇಟ್ ಕಳುಹಿಸಿತ್ತು. ಅದರ ಪ್ರಕಾರ ತಂತ್ರಾಂಶವು ಪಟ್ಟಿಯೊಂದರ 21ನೇ ಅಂಶವನ್ನು ಓದಬೇಕಿತ್ತು. ಆದರೆ ಪಟ್ಟಿಯಲ್ಲಿದ್ದದ್ದು 20 ಅಂಶ ಮಾತ್ರ. ಹಿಂದಿನ ಅಪ್‌ಡೇಟ್‌ಗಳಲ್ಲಿ 21ನೇ ಜಾಗಕ್ಕೆ ‘ಏನಿದ್ದರೂ ಸರಿ’ ಎಂಬ ಸೂಚನೆ ಇದ್ದುದರಿಂದ ತಪ್ಪು ಹೊರಬಿದ್ದಿರಲಿಲ್ಲ.

ಇಲ್ಲದ್ದನ್ನು ಕೇಳಿದರೆ?

ತರಗತಿಯ ಹಾಜರಿ ಪುಸ್ತಕದಲ್ಲಿ 20 ಹೆಸರುಗಳಿವೆ ಎಂದುಕೊಳ್ಳಿ. 21ನೇ ಹೆಸರು ಕೇಳಿದರೆ ಶಿಕ್ಷಕರು ‘ಇಲ್ಲ’ ಎನ್ನುತ್ತಾರೆ. ಕಂಪ್ಯೂಟರ್ ಭಾಷೆಗಳೆಲ್ಲ ಹಾಗೆ ಹೇಳುವುದಿಲ್ಲ.

- ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಆದರೆ -1ನೇ ಅಂಶ ಕೇಳಿದರೆ ತಕರಾರಿಲ್ಲದೆ ಕೊನೆಯದನ್ನು ಕೊಡುತ್ತದೆ.
- ಜಾವಾಸ್ಕ್ರಿಪ್ಟ್ ‘ಅನ್‌ಡಿಫೈನ್ಡ್’ ಎಂದು ಉತ್ತರಿಸಿ ಮುಂದೆ ಸಾಗುತ್ತದೆ. ಕೆಲವು ವೆಬ್‌ಸೈಟ್‌ಗಳಲ್ಲಿ ಹೆಸರಿನ ಜಾಗದಲ್ಲಿ ಈ ಪದ ಕಾಣಿಸಲು ಇದೂ ಒಂದು ಕಾರಣ.
- ಸಿ ಮತ್ತು ಸಿ++ ಭಾಷೆಗಳಲ್ಲಿ ಪ್ರೋಗ್ರಾಂ ಬರೆದವರೇ ಎಲ್ಲೆ ಪರೀಕ್ಷಿಸಬೇಕು. ಮರೆತರೆ, ಪಟ್ಟಿಯ ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಓದಿಬಿಡಬಹುದು.

ಕ್ರೌಡ್‌ಸ್ಟ್ರೈಕ್‌ನಲ್ಲಿ ಆದದ್ದು ಮೂರನೆಯ ಬಗೆ. ಆ ತಂತ್ರಾಂಶ ವಿಂಡೋಸ್‌ನ ಒಳಭಾಗದಲ್ಲೇ ಕೆಲಸ ಮಾಡುವುದರಿಂದ ಇಡೀ ಕಂಪ್ಯೂಟರ್ ನಿಂತಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಕಂಪ್ಯೂಟರ್‌ಗಳಿಗೆ ತೊಂದರೆಯಾಯಿತು.

ಕೆಲವೊಮ್ಮೆ ಏನೂ ನಿಲ್ಲುವುದಿಲ್ಲ, ಗುಟ್ಟು ಸೋರುತ್ತದೆ. 2014ರಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ದೋಷದಲ್ಲಿ, ಇರುವುದಕ್ಕಿಂತ ಹೆಚ್ಚು ಅಕ್ಷರ ಕೇಳಿದವರಿಗೆ ಸರ್ವರ್ ತನ್ನ ಮೆಮೊರಿಯಿಂದ ಒಮ್ಮೆಗೆ 64 ಕಿಲೋಬೈಟ್‌ವರೆಗೆ ಕೊಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಿತ್ತು.

ನಿಮಗೇಕೆ ಇದು ಮುಖ್ಯ?

ಜುಲೈ 19ರ ಗೊಂದಲವನ್ನು ವಂಚಕರು ಬಳಸಿಕೊಂಡರು. ‘ಸರಿಪಡಿಸಿಕೊಡುತ್ತೇವೆ’ ಎಂಬ ನಕಲಿ ಇಮೇಲ್, ಕರೆಗಳ ಬಗ್ಗೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಕೆ ನೀಡಿತ್ತು. ‘ದಾಳಿಯಾಗಿದೆ, ಕೂಡಲೇ ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ಒತ್ತಬೇಡಿ, ಬೇರೆಯವರಿಗೂ ಕಳುಹಿಸಬೇಡಿ. ಕಂಪನಿಯ ಅಧಿಕೃತ ಪ್ರಕಟಣೆ ನೋಡಿ.

ಕೊನೆಯ ಮಾತು: ಜುಲೈ 19ರಂದು ನಡೆದದ್ದು ದಾಳಿಯಲ್ಲ. ಪಟ್ಟಿ ಎಲ್ಲಿಗೆ ಮುಗಿಯುತ್ತದೆ ಎಂದು ಪರೀಕ್ಷಿಸದೆ ಬಿಟ್ಟದ್ದರ ಫಲ.