ತಿಂಗಳಾದ್ಮೇಲೆ ದುಡ್ಡು ವಾಪಸ್ ಕೇಳಿದ್ರೆ?

ನಮ್ಮನೆಯವರ ಹಳೇ ಬೈಕಿನ ಕಾರ್ಬೊರೇಟರ್ ಆನ್‌ಲೈನಲ್ಲಿ ಮಾರಿ ಒಂದೂವರೆ ತಿಂಗಳಾಗಿತ್ತು. ಮೊನ್ನೆ ತಗೊಂಡೋರು ಫೋನ್ ಮಾಡಿ, 'ಪೆಟ್ರೋಲ್ ಸೋರ್ತೈತೆ, 600 ರೂಪಾಯಿ ವಾಪಸ್ ಹಾಕಿ' ಅಂದ್ರು. ನಮ್ಮತ್ತೆ, 'ಹಿರಿಯೂರು ಸಂತೇಲಿ ಕೊಂಡ ಕುರಿನ ತಿಂಗಳಾದ್ಮೇಲೆ ಯಾರು ವಾಪಸ್ ತಗೋತಾರೆ?' ಅಂದ್ರು. 1930ರ ಸರಕು ಮಾರಾಟ ಕಾಯ್ದೇನೂ ಹಂಗೇ ಐತೆ: ಬೇಡ ಅಂತ ಹೇಳದೆ ತಕ್ಕಷ್ಟು ದಿನ ಇಟ್ಕೊಂಡ್ರೆ ಒಪ್ಪಿಕೊಂಡಂಗೆ.

ಆದ್ರೂ ಇವ್ರನ್ನ ಕೇಳ್ದೆ. 'ಆವಾಗ್ಲೂ ಸ್ವಲ್ಪ ಸೋರ್ತಿತ್ತು' ಅಂದ್ರು!

ನಮಗೆ ಗೊತ್ತಿದ್ದ ಐಬು ಮುಚ್ಚಿ ಮಾರಿದ್ರೆ, ಎಷ್ಟು ತಡವಾಗಿ ಕೇಳಿದ್ರೂ ದುಡ್ಡು ಕೊಡ್ಬೇಕು ಕಣ್ರಮ್ಮ. ಸಾಮಾನು ತರಿಸ್ಕೊಂಡು, ನಮ್ಮದೇ ಹೌದಾ ಅಂತ ನೋಡಿ, 600 ಹಾಕಿಸ್ದೆ. ಗೊತ್ತಿಲ್ದೆ ಮಾರಿದ್ರೆ ಕೊಡ್ತಿರ್ಲಿಲ್ಲ. ನೀವೂ ಮಾರೋವಾಗ್ಲೇ ಐಬು ಬರೆದ್ಬಿಡಿ; ಎಷ್ಟು ದಿನದೊಳಗೆ ಕೇಳ್ಬೇಕು ಅನ್ನೋದ್ನೂ ಬರೀರಿ.