ಕಿರಿಯ ವಕೀಲರಿಗೆ ಹದಿನೈದು ದಿನಗಳ ಬಿಡುವು ದೊರೆಯಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಿರಿಯ ವಕೀಲ ಮಹಾಶಯರಲ್ಲಿ ವಿಜ್ಞಾಪನೆ.

ಕಾನೂನು ಪದವಿ ಪಡೆದು, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಸಿ, ಹಿರಿಯರ ಕಚೇರಿಯಲ್ಲಿ ಕಡತ ಹೊರುತ್ತಿರುವ ತರುಣ ತರುಣಿಯರು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ವೃತ್ತಿಯಲ್ಲಿ ನೆಲೆ ನಿಲ್ಲಲಾರರೆಂಬುದು ಸರ್ವವಿದಿತ. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಇದನ್ನು ಎತ್ತಿಹಿಡಿದ ಮೇಲೆ ಪರೀಕ್ಷೆ ಬೇಕೋ ಬೇಡವೋ ಎಂಬ ವಾಗ್ವಾದಕ್ಕೂ ಎಡೆಯಿಲ್ಲ.

ಪರೀಕ್ಷೆಯಾದರೋ ಘೋರವಾದುದಲ್ಲ. ನೂರು ಪ್ರಶ್ನೆ, ತಪ್ಪಿದರೆ ಅಂಕ ಕಳೆಯುವುದಿಲ್ಲ, ಶೇಕಡ 45, ಪರಿಶಿಷ್ಟರಿಗೆ ಶೇಕಡ 40 ಬಂದರೆ ಸಾಕು, ಟಿಪ್ಪಣಿಯಿಲ್ಲದ ಕಾಯಿದೆ ಪುಸ್ತಕವನ್ನೂ ಒಯ್ಯಬಹುದು. ಇಷ್ಟು ಸೌಕರ್ಯವಿದ್ದೂ ಬುದ್ಧಿವಂತರು ಸೋಲುವುದು ಅಜ್ಞಾನದಿಂದಲ್ಲ, ಆಯಾಸದಿಂದ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕಿರಿಯರ ಒಂದು ದಿನವನ್ನು ನೋಡಿರಿ. ಬೆಳಗ್ಗೆ ವಕಾಲತ್ತಿಗೆ ಸಹಿ ಹಾಕಿಸುವುದು, ಕೋರ್ಟಿನಲ್ಲಿ ವಾಯಿದೆ ಕೇಳುವುದು, ಮಧ್ಯಾಹ್ನ ನಕಲು ಶಾಖೆಯ ಮುಂದೆ ಕಾಯುವುದು, ಸಂಜೆ ಹಳ್ಳಿಯಿಂದ ಬಂದ ಕಕ್ಷಿದಾರರ ಪಹಣಿ ಪತ್ರಗಳನ್ನು ಜೋಡಿಸುವುದು, ಇವೆಲ್ಲ ಮುಗಿದು ಉಂಡು ಪುಸ್ತಕ ತೆರೆಯುವಾಗ ರಾತ್ರಿ ಹನ್ನೊಂದು. ಆ ಹೊತ್ತಿನಲ್ಲಿ ಬುದ್ಧಿಯು ರೂಢಿಯ ಜಾಡನ್ನೇ ಹಿಡಿಯುತ್ತದೆ: ಕೊಲೆಯೆಂದೊಡನೆ ಹಳೆಯ ದಂಡ ಸಂಹಿತೆಯ 302 ಎನ್ನುತ್ತದೆ, ವಂಚನೆಯೆಂದೊಡನೆ 420 ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 103 ಮತ್ತು 318. ಹೊಸ ಸಂಖ್ಯೆಗಳು ನೆಲೆಗೊಳ್ಳಲು ನಿದ್ರೆ ಬೇಕು. ಪಾವಗಡದವರು ಇದರ ಮೇಲೆ ಬೆಂಗಳೂರಿನ ಕೇಂದ್ರವನ್ನು ಮುಟ್ಟಲು ನೂರೈವತ್ತು ಕಿಲೋಮೀಟರಿನಷ್ಟು ದೂರವನ್ನು ಬಸ್ಸಿನಲ್ಲಿ ಕ್ರಮಿಸಬೇಕು. ಹಿಂದಿನ ದಿನವೇ ಹೊರಟು ಅಲ್ಲಿ ಮಲಗಿ ಏಳುವಷ್ಟು ಅವಕಾಶವಾದರೂ ಇರಬೇಡವೇ?

'ನಾವೂ ಹೀಗೆ ಕಷ್ಟಪಟ್ಟೇ ಮೇಲೆ ಬಂದವರು' ಎಂದು ಕೆಲವರು ಹೇಳುವುದುಂಟು. ಮಾತು ಗೌರವಾರ್ಹ; ಆದರೆ ಈ ಪರೀಕ್ಷೆ ಬಂದದ್ದೇ 2010ರಲ್ಲಿ, ಅದಕ್ಕೆ ಹಿಂದೆ ಸನ್ನದು ಪಡೆದ ಯಾರೂ ಇದಕ್ಕೆ ಕುಳಿತವರಲ್ಲ. ಹದಿನೈದು ದಿನ ಹಿರಿಯರೇ ಎದ್ದು ನಿಂತು ವಾಯಿದೆ ಕೇಳಿದರೆ ಯಾವ ವ್ಯಾಜ್ಯವೂ ಕೆಡುವುದಿಲ್ಲ.

ಆದುದರಿಂದ ಮುಂದಿನ ಪರೀಕ್ಷೆಯ ಅಧಿಸೂಚನೆ ಹೊರಬಿದ್ದ ವಾರದಲ್ಲಿಯೇ ನಾಲ್ಕೂ ತಾಲ್ಲೂಕುಗಳ ವಕೀಲರ ಸಂಘಗಳು ಸಭೆ ಸೇರಿ, ಕಿರಿಯರಿಗೆ ಕೊಡುತ್ತಿರುವ ಅಲ್ಪ ಹಣವನ್ನು ಕಡಿತಗೊಳಿಸದೆ, ಪರೀಕ್ಷೆಗೆ ಮುಂಚಿನ ಈ ಹದಿನೈದು ದಿನಗಳ ಬಿಡುವನ್ನು ಠರಾವು ಮಾಡಬೇಕೆಂದು ಕೋರುತ್ತೇವೆ.